ಮುಂಬೈಯ ಕರ್ಣಿಕಾ ಹಡಗಿನಲ್ಲಿ ಜರ್ಮನ್ ಬರಹ ಹೇಗೆ ಬಂತು?

ಮಲೆನಾಡ ಹುಡುಗಿ:
2019ರ ನವೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಮುಂಬೈಯಿಂದ ಗೋವಾಕ್ಕೆ ಕರ್ಣಿಕಾ ಹಡಗಿನಲ್ಲಿ ಕರೆದುಕೊಂಡು ಹೋಗಿದ್ದೆ. ನಮ್ಮ ಕ್ಯಾಬಿನ್ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಕಬ್ಬಿಣದ ಬಾಗಿಲಿತ್ತು. ಅದಕ್ಕೆ ಬಳಿದ ಬಿಳಿ ಬಣ್ಣ ಚಕ್ಕೆ ಎದ್ದು, ಅಡಿಯಲ್ಲಿ ಹಳೇ ಸ್ಟಿಕ್ಕರ್ ಕಾಣಿಸುತ್ತಿತ್ತು. ಅಮ್ಮ ಉಗುರಿನಿಂದ ಕೆರೆದರೆ ಜರ್ಮನ್ ಅಕ್ಷರ! ಮುಂಬೈ ಹಡಗಿಗೂ ಜರ್ಮನಿಗೂ ಏನು ಸಂಬಂಧ? ಅಪ್ಪ ಇನ್ನೊಮ್ಮೆ ಅದೇ ಹಡಗಲ್ಲಿ ಹೋಗೋಣ ಅಂತಿದ್ದಾರೆ. ಈಗ ಅದು ಎಲ್ಲಿದೆ?

ಪಡುಬಿದ್ರಿಯವ:
ನಾನು ಆ ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ಎರಡು ಕಾಂಟ್ರಾಕ್ಟ್ ಮಾಡಿದವ. ಆಗ ಅದರ ಹೆಸರು ಪೆಸಿಫಿಕ್ ಜ್ಯುವೆಲ್, ಓಡುತ್ತಿದ್ದುದು ಆಸ್ಟ್ರೇಲಿಯಾದಿಂದ. ಜರ್ಮನ್ ಸ್ಟಿಕ್ಕರ್ ನಮ್ಮಲ್ಲೂ ಇತ್ತು. ಪಾತ್ರೆ ತೊಳೆಯುವ ಕಡೆ ಸ್ವಿಚ್ ಪೆಟ್ಟಿಗೆ ಮೇಲೆ ಮೊದಲು ಇಂಗ್ಲಿಷ್, ಅದರ ಅಂಚು ಎದ್ದಲ್ಲಿ ಜರ್ಮನ್, ಅದರಡಿ ತಗಡಿನ ಮೇಲೇ ಕೊರೆದ ಇಟಾಲಿಯನ್. ಬಿಸಿ ಹಬೆಗೆ ಅಂಟು ಬಿಟ್ಟು ಒಂದೊಂದಾಗಿ ಕಾಣುತ್ತಿತ್ತು. ಹಡಗಿನ ಜಾತಕವೇ ಅಲ್ಲಿತ್ತು.

ಕಟ್ಟಿದ್ದು ಇಟಲಿಯ ಮೊನ್‌ಫಾಲ್ಕೊನೆಯಲ್ಲಿ, ಫಿನ್‌ಕಾಂಟಿಯೆರಿ ಯಾರ್ಡ್. ಆರ್ಡರ್ ಕೊಟ್ಟದ್ದು ಸಿಟ್ಮಾರ್ ಕಂಪನಿ. ಹಡಗು ನೀರಿಗಿಳಿಯುವ ಮೊದಲೇ, 1988ರಲ್ಲಿ, ಆ ಕಂಪನಿಯೇ ಬ್ರಿಟನ್ನಿನ ಹಡಗು ಕಂಪನಿ ಪಿ ಅಂಡ್ ಓ ಪಾಲಾಯಿತು. 1990ರಲ್ಲಿ ಕ್ರೌನ್ ಪ್ರಿನ್ಸೆಸ್ ಆಗಿ ಹೊರಟಿತು. 245 ಮೀಟರ್ ಉದ್ದ. ಮೂತಿಗೆ ರೂಪ ಕೊಟ್ಟವರು ವಾಸ್ತುಶಿಲ್ಪಿ ರೆಂಜೊ ಪಿಯಾನೊ, ಡಾಲ್ಫಿನ್ ತಲೆಯ ಹಾಗೆ. ಅಷ್ಟು ಚಂದದ ಮುಖ ನಾನು ಬೇರೆ ಹಡಗಿನಲ್ಲಿ ಕಂಡಿಲ್ಲ.

2002ರಲ್ಲಿ ಜರ್ಮನ್ ಪ್ರವಾಸಿಗರಿಗಾಗಿ ಅರೋಸಾ ಬ್ಲೂ ಆಯಿತು, ಮೂತಿಗೆ ಗುಲಾಬಿ ಬಿಡಿಸಿದರು. 2004ರಲ್ಲಿ ಐಡಾಬ್ಲೂ, ಗುಲಾಬಿ ಹೋಗಿ ಕೆಂಪು ತುಟಿ ಬಂತು. ನಿಮ್ಮ ತಾಯಿ ಕೆರೆದದ್ದು ಆ ಐದು ವರ್ಷದ್ದೇ ಇರಬೇಕು. 2007ಕ್ಕೆ ಬ್ರಿಟಿಷರಿಗೆ ಓಷನ್ ವಿಲೇಜ್ ಟೂ, 2009ಕ್ಕೆ ಆಸ್ಟ್ರೇಲಿಯಾ, 2019ಕ್ಕೆ ಮುಂಬೈ. ಇಷ್ಟೆಲ್ಲ ಹೆಸರು ಬದಲಾದರೂ ಐಎಂಒ ನಂಬರ್, ಅಂದರೆ ಹಡಗಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಮಾತ್ರ ಕೊನೇವರೆಗೂ ಒಂದೇ, 8521220. ಹಳೇ ಹಡಗು ಹುಡುಕುವಾಗ ಹೆಸರು ಬಿಟ್ಟು ಅದನ್ನೇ ಹಿಡಿಯಿರಿ.

ಭಾವನಗರದಿಂದ:
ಮೇಡಂ, ಹೇಳಲಿಕ್ಕೆ ಬೇಸರ, ಆ ಹಡಗು ಈಗ ಇಲ್ಲ. ಕೊರೋನಾದಲ್ಲಿ ಯಾನ ನಿಂತಿತು, ಹಡಗು ಹರಾಜಾಯಿತು. 2020ರ ನವೆಂಬರ್‌ನಲ್ಲಿ ಇಲ್ಲಿ ಗುಜರಾತಿನಲ್ಲಿ ಹಳೇ ಹಡಗು ಒಡೆಯುವ ಅಲಂಗ್ ದಡಕ್ಕೆ ಬಂತು. ಇಲ್ಲಿ ದೊಡ್ಡ ಭರತ ಬರುವವರೆಗೆ ಕಾದು ಹಡಗನ್ನು ತನ್ನ ಎಂಜಿನ್ನಿನಲ್ಲೇ ಓಡಿಸಿ ಕೆಸರಿಗೆ ಏರಿಸುತ್ತಾರೆ. ನೀರು ಇಳಿದ ಮೇಲೆ ಗ್ಯಾಸ್ ಕಟರ್ ಕೆಲಸ. ಒಳಗಿನ ಮಂಚ, ಕುರ್ಚಿ, ಪಿಂಗಾಣಿ ಎಲ್ಲ ಅಲಂಗ್ ರಸ್ತೆ ಬದಿಯ ಅಂಗಡಿಗಳಿಗೆ ಬರುತ್ತದೆ.

ಮಲೆನಾಡ ಹುಡುಗಿ:
ಮುಂಬೈಯಲ್ಲಿ ಓಡಿದ್ದು ಒಂದು ವರ್ಷವೂ ಇಲ್ಲವೇ! ಅಪ್ಪನಿಗೆ ಹೇಗೆ ಹೇಳಲಿ? ಮೇಲಿನ ಗುಮ್ಮಟದ ಹಾಲಿನಲ್ಲಿ ಕೂತು ಬೆಳಗಾಗುವುದನ್ನು ನೋಡಿದ್ದನ್ನೇ ಎಲ್ಲರಿಗೂ ಹೇಳುತ್ತಿರುತ್ತಾರೆ.

ಪಡುಬಿದ್ರಿಯವ:
ಅದು ಮುದಿಯಾಗಿ ಹೋದದ್ದಲ್ಲ, ಕಾಲ ಕೆಟ್ಟು ಹೋದದ್ದು. ಯಾಕೆಂದರೆ ಅದೇ ಮಾದರಿಯಲ್ಲಿ ಕಟ್ಟಿದ ತಂಗಿ ಹಡಗು ಉಂಟು, 1991ರ ರೀಗಲ್ ಪ್ರಿನ್ಸೆಸ್. ಅದೂ ಆಸ್ಟ್ರೇಲಿಯಾದಲ್ಲಿ ಪೆಸಿಫಿಕ್ ಡಾನ್ ಆಗಿ ಓಡಿತು. 2020ರಲ್ಲಿ ಅದಕ್ಕೂ ಗುಜರಿಯ ದಾರಿಯೇ ಕಾಣುತ್ತಿತ್ತು, ಹೇಗೋ ತಪ್ಪಿತು. 2022ರಿಂದ ಆಂಬಿಯೆನ್ಸ್ ಎಂಬ ಹೆಸರಲ್ಲಿ ಲಂಡನ್ ಹತ್ತಿರದ ಟಿಲ್ಬರಿಯಿಂದ ಯಾನ ಶುರು ಮಾಡಿತು. ಫೋಟೋ ತೆಗೆದು ತಂದೆಯವರಿಗೆ ತೋರಿಸಿ. ಅದು ಜರ್ಮನ್ನರ ಕೈಗೆ ಹೋಗಲಿಲ್ಲ, ಆ ಸ್ಟಿಕ್ಕರ್ ಅಲ್ಲಿ ಸಿಗಲಿಕ್ಕಿಲ್ಲ. ಆದರೆ ಡಾಲ್ಫಿನ್ ಮೂತಿ, ಅದರ ಮೇಲಿನ ಗುಮ್ಮಟ ಅದೇ.