ಎದುರಿಗೆ ಏಳು ಜನ, ಈ ಕಡೆ ನಾನೊಬ್ಬಳೇ. ನಂಬಿಕೆ ಇದ್ದರೂ ಕೈ ನಡುಗುವುದು ಯಾಕೆ?

ಪ್ರಶ್ನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಾಲ್ಕು ತಿಂಗಳ ಹಿಂದೆ ಮೂರು ಬಿಲ್ ಸಹಿಗೆ ಬಂದವು. ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿದೆ. ಆ ಸಾಮಾನು ಒಳಗೆ ಬಂದೇ ಇಲ್ಲ. ಸಹಿ ಹಾಕುವುದಿಲ್ಲ ಅಂದೆ, ಮೇಲಿನವರಿಗೆ ಬರೆದೂ ಕೊಟ್ಟೆ. ಈಗ ನನಗೇ ಕಾರಣ ಕೇಳಿ ನೋಟಿಸ್ ಬಂದಿದೆ. ಕಡತ ಸರಿಯಾಗಿ ಇಟ್ಟಿಲ್ಲ, ಮೇಲಧಿಕಾರಿಗಳ ಮಾತು ಕೇಳುವುದಿಲ್ಲ, ಹೀಗೆ ನಾಲ್ಕು ಆರೋಪ. ಗುರುವಾರ ಏಳು ಜನರ ಮುಂದೆ ವಿಚಾರಣೆ.

ನನ್ನ ಸಂಕಟ ಬೇರೆ. ಚಿಕ್ಕವಳಿದ್ದಾಗಿನಿಂದ ದೇವರನ್ನು ನಂಬಿದವಳು ನಾನು. ಆದರೆ ಆ ನೋಟಿಸ್ ಹಿಡಿದರೆ ಕೈ ನಡುಗುತ್ತದೆ. ಪ್ರಾರ್ಥನೆಗೆ ಮೊಣಕಾಲೂರಿದರೂ ಆ ಏಳು ಮುಖಗಳೇ ಕಣ್ಣ ಮುಂದೆ. ಮೊನ್ನೆ ಮೆಟ್ಟಿಲ ಹತ್ತಿರ ಒಬ್ಬರು ಎಲ್ಲರಿಗೂ ಕೇಳುವ ಹಾಗೆ, "ಗುರುವಾರ ನಿಮ್ಮ ದೇವರು ಬಂದು ಸಾಕ್ಷಿ ಹೇಳ್ತಾನಾ?" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ನಂಬಿಕೆ ನಿಜವಾಗಿ ಇದ್ದಿದ್ದರೆ ಹೀಗೆ ಆಗುತ್ತಿತ್ತಾ?

ಉತ್ತರ 1

ತಂಗೀ, ಮೆಟ್ಟಿಲ ಹತ್ತಿರ ಕೇಳಿದ ಮಾತು ಬಹಳ ಹಳೆಯದು. ಸತ್ಯವೇದದಲ್ಲಿ 2 ಅರಸುಗಳು 18ನೇ ಅಧ್ಯಾಯ ತೆಗೆದು ನೋಡಿ. ಕ್ರಿ.ಪೂ. 701ರಲ್ಲಿ ಅಶ್ಶೂರದ ರಾಜ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. ಅವನ ಕಡೆಯ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಗೋಡೆಯ ಹೊರಗೆ ನಿಂತು ಕೂಗಿದ್ದೂ ಇದನ್ನೇ: ಯಾರ ದೇವರು ಯಾರನ್ನು ಕಾಪಾಡಿದ್ದಾನೆ, ನಿಮ್ಮ ದೇವರು ನಿಮ್ಮನ್ನು ಕಾಪಾಡುವುದಕ್ಕೆ? ಒಳಗಿನ ಅಧಿಕಾರಿಗಳು ಅರಾಮ್ಯ ಭಾಷೆಯಲ್ಲಿ ಮಾತಾಡಿ ಅಂತ ಬೇಡಿಕೊಂಡರು. ಅವನು ಬೇಕೆಂದೇ ಗೋಡೆ ಮೇಲಿನ ಜನರಿಗೆಲ್ಲ ತಿಳಿಯುವ ಭಾಷೆಯಲ್ಲಿ ಇನ್ನೂ ಜೋರಾಗಿ ಕೂಗಿದ. ಜನ ಒಂದು ಮಾತೂ ಆಡಲಿಲ್ಲ. ಉತ್ತರ ಕೊಡಬೇಡಿ ಅಂತ ರಾಜ ಹಿಜ್ಕೀಯನ ಅಪ್ಪಣೆ ಇತ್ತು. ನೀವು ಸುಮ್ಮನಿದ್ದದ್ದು ಸೋಲು ಅಂತ ಯಾಕೆ ಅಂದುಕೊಳ್ಳುತ್ತೀರಿ?

ಆಮೇಲೆ ಬೆದರಿಕೆಯ ಪತ್ರ ಬಂತು. ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ಹೋಗಿ, ದೇವರ ಮುಂದೆ ಹರಡಿದ. ನನಗೆ ಈ ಜಾಗ ಬಹಳ ಹತ್ತಿರದ್ದು. ಯಾಕೆ ಅಂತ ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ವಿಷಯಕ್ಕೆ ಹತ್ತಿರದ ಸಂಬಂಧಿಕರೇ ನನಗೆ ವಕೀಲರ ನೋಟಿಸ್ ಕಳಿಸಿದರು. ಎಂಟು ಹಾಳೆ. ಐದು ದಿನ ಅದನ್ನು ಕಪಾಟಿನಲ್ಲಿಟ್ಟು, ಕಪಾಟಿನ ಕಡೆ ನೋಡದೆ ಓಡಾಡಿದೆ. ಆರನೇ ರಾತ್ರಿ ಎಂಟೂ ಹಾಳೆ ನೆಲದ ಮೇಲೆ ಹರಡಿದೆ. ಫ್ಯಾನ್ ಗಾಳಿಗೆ ಹಾರುತ್ತಿದ್ದವು. ಒಂದರ ಮೇಲೆ ಕನ್ನಡಕದ ಡಬ್ಬಿ, ಒಂದರ ಮೇಲೆ ಬೀಗ, ಒಂದರ ಮೇಲೆ ಸತ್ಯವೇದ ಇಟ್ಟೆ. ಮೊದಲಿನಿಂದ ಕೊನೆವರೆಗೆ ದೇವರಿಗೆ ಓದಿ ಹೇಳಿದೆ, ಬಾಯಿಬಿಟ್ಟು. ಐದನೇ ಹಾಳೆಗೆ ಬಂದಾಗ ಗಂಟಲು ಕಟ್ಟಿತು. ಅಲ್ಲಿ ಬರೆದಿದ್ದ ಎರಡು ಮಾತು ನಿಜ. ಲೆಕ್ಕ ತೋರಿಸುತ್ತೇನೆ ಅಂದು ನಾನು ತೋರಿಸಿರಲಿಲ್ಲ. ಒಮ್ಮೆ ಕೆಟ್ಟದಾಗಿ ಬೈದಿದ್ದೆ. ಆ ಎರಡನ್ನೂ ದೇವರ ಮುಂದೆ ಒಪ್ಪಿಕೊಂಡೆ. ಮರುದಿನ ಅವರಿಗೂ ಬರೆದು ಒಪ್ಪಿಕೊಂಡೆ. ಉಳಿದ ಆರೋಪಗಳಿಗೆ ಉತ್ತರ ಕೊಡುವ ಧೈರ್ಯ ನನಗೆ ಬಂದದ್ದು ಅಲ್ಲಿಂದ. ಮುಚ್ಚಿಡುವುದು ಏನೂ ಉಳಿದಿರಲಿಲ್ಲ, ನೋಡಿ.

ಹಿಜ್ಕೀಯನೂ ಮೊದಲಿನಿಂದ ಧೀರನಾಗಿರಲಿಲ್ಲ. ಅದೇ ಅಧ್ಯಾಯದಲ್ಲಿದೆ. ಮೊದಲು ಹೆದರಿ, ನನ್ನದು ತಪ್ಪಾಯಿತು ಅಂತ ಹೇಳಿಕಳಿಸಿ, 300 ತಲಾಂತು (ಆ ಕಾಲದ ದೊಡ್ಡ ತೂಕ) ಬೆಳ್ಳಿ, 30 ತಲಾಂತು ಬಂಗಾರ ಕೊಡಲು ಒಪ್ಪಿದ್ದ. ದೇವಾಲಯದ ಬಾಗಿಲಿಗೆ ಹೊದಿಸಿದ್ದ ಬಂಗಾರವನ್ನೂ ಕೀಳಿಸಿದ್ದ. ಅಂಥವನೇ ಆಮೇಲೆ ಪತ್ರ ಹಿಡಿದು ಅದೇ ದೇವಾಲಯಕ್ಕೆ ಹೋದ. ಬಾಗಿಲು ನೋಡಿದಾಗ ಅವನಿಗೆ ಹೇಗಾಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೂ ಒಳಗೆ ಹೋದ.

ಅವನ ಪ್ರಾರ್ಥನೆಯಲ್ಲಿ ಶತ್ರುವನ್ನು ಚಿಕ್ಕವನು ಮಾಡುವ ಒಂದು ಮಾತೂ ಇಲ್ಲ. ಅಶ್ಶೂರದವರು ದೇಶಗಳನ್ನು ಹಾಳುಮಾಡಿದ್ದು ನಿಜ ಅಂತಲೇ ಹೇಳುತ್ತಾನೆ. ನಿಜವೇ ಆಗಿತ್ತು. ಸನ್ಹೇರೀಬ ಮಣ್ಣಿನ ಪಟ್ಟಕದ ಮೇಲೆ ಬರೆಸಿದ್ದು ಇವತ್ತಿಗೂ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 46 ಕೋಟೆ ಪಟ್ಟಣ ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅಂತ ಕೊಚ್ಚಿಕೊಂಡಿದ್ದಾನೆ. ಯೆರೂಸಲೇಮನ್ನು ಹಿಡಿದೆ ಅಂತ ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಆದ್ದರಿಂದ ಆ ಏಳು ಮುಖ ಕಣ್ಣ ಮುಂದೆ ಬಂದರೆ ಓಡಿಸಲು ಒದ್ದಾಡಬೇಡಿ. ಒಬ್ಬೊಬ್ಬರನ್ನೇ ದೇವರಿಗೆ ತೋರಿಸಿ. ಇವರಿಗೆ ಇಷ್ಟು ಅಧಿಕಾರ ಇದೆ, ಇವರು ನನಗೆ ಇದನ್ನು ಮಾಡಬಲ್ಲರು ಅಂತ ಹೇಳಿ.

ಉತ್ತರ 2

ಅಣ್ಣ ಹೇಳಿದ್ದು ಸರಿ. ನಾನು ಕೈ ನಡುಗುವ ವಿಷಯ ಮಾತ್ರ ಹೇಳುತ್ತೇನೆ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ, ನಿಮ್ಮ ಹತ್ತಿರ ಬಂದಾಗ ಹೆದರಿಕೊಂಡಿದ್ದೆ, ಬಹಳ ನಡುಗುತ್ತಿದ್ದೆ ಅಂತ ತಾನೇ ಹೇಳಿಕೊಂಡಿದ್ದಾನೆ. ಪರ್ಷಿಯಾದ ರಾಜನಿಗೆ ಪಾನ ಕೊಡುವ ಸೇವಕನಾಗಿದ್ದ ನೆಹೆಮೀಯನೂ ಅಷ್ಟೇ. ರಾಜ ಮುಖ ನೋಡಿ ಪ್ರಶ್ನೆ ಕೇಳಿದಾಗ ಬಹಳ ಹೆದರಿದ. ನಿನಗೇನು ಬೇಕು ಅಂದಾಗ ನಿಂತಲ್ಲೇ ಮನಸ್ಸಿನಲ್ಲಿ ಪ್ರಾರ್ಥಿಸಿ, ಆಮೇಲೆ ಉತ್ತರ ಕೊಟ್ಟ. ಗುರುವಾರ ನೀವೂ ಹಾಗೇ ಮಾಡಿ. ಪ್ರಶ್ನೆ ಮುಗಿದ ತಕ್ಷಣ ಬಾಯಿ ತೆರೆಯಬೇಡಿ. ಒಂದು ಉಸಿರು, "ಕರ್ತನೇ, ಸಹಾಯ ಮಾಡು", ಆಮೇಲೆ ಮಾತು.

ಅದೇ ನೆಹೆಮೀಯ ಆಮೇಲೆ ಯೆರೂಸಲೇಮಿನ ಗೋಡೆ ಕಟ್ಟುವಾಗ ಪ್ರಾರ್ಥನೆಯನ್ನೂ ಮಾಡಿದ, ಹಗಲೂ ರಾತ್ರಿ ಕಾವಲನ್ನೂ ಇಟ್ಟ. 52 ದಿನದಲ್ಲಿ ಗೋಡೆ ಮುಗಿಯಿತು. ನಿಮ್ಮ ಕಾವಲು ಅಂದರೆ ಕಾಗದ. ನೀವು ಮೇಲಿನವರಿಗೆ ಬರೆದು ಕೊಟ್ಟ ಪತ್ರದ ಮೇಲೆ ತಲುಪಿದ ಮುದ್ರೆ ಇದೆಯಾ? ಅದರ ಜೆರಾಕ್ಸ್, ಆ ಮೂರು ಬಿಲ್‌ಗಳ ದಿನಾಂಕ, ರಿಜಿಸ್ಟರ್‌ನ ಪುಟದ ನಂಬರ್, ಎಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಲು ಅವಕಾಶ ಇದೆಯಾ ಅಂತ ಇವತ್ತೇ ಬರಹದಲ್ಲಿ ಕೇಳಿ.

ಉತ್ತರ 3

ಇಲ್ಲಿ ಯಾರೂ ಹೇಳದ ಒಂದು ಮಾತು. ನಾನೂ ಇಂಥದ್ದೇ ಕಾರಣಕ್ಕೆ ನಿಂತೆ, ಸೋತೆ. ಕೆಲಸ ಹೋಯಿತು. ಎರಡು ವರ್ಷ ಕಷ್ಟಪಟ್ಟೆವು. ಆ ದಿನಗಳಲ್ಲಿ ಗೆದ್ದವರ ಸಾಕ್ಷಿ ಕೇಳಿದರೆ ಸಭೆಯಿಂದ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ದಾನಿಯೇಲನ 3ನೇ ಅಧ್ಯಾಯ. ಬೆಂಕಿಯ ಕುಲುಮೆಯ ಮುಂದೆ ಶದ್ರಕ್, ಮೇಶಕ್, ಅಬೇದ್‌ನೆಗೋ ರಾಜನಿಗೆ ಹೇಳಿದ್ದು ಎರಡು ಮಾತು. ನಮ್ಮ ದೇವರು ಬಿಡಿಸಬಲ್ಲನು. ಬಿಡಿಸದೆ ಹೋದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಎರಡನೆಯದನ್ನು ಅವರು ಕುಲುಮೆಯಿಂದ ಹೊರಗೆ ಬಂದ ಮೇಲೆ ಹೇಳಲಿಲ್ಲ. ಮೊದಲೇ ಹೇಳಿದರು.

ಅಕ್ಕಾ, ಗುರುವಾರ ಏನಾಗುತ್ತದೋ ನನಗೆ ಗೊತ್ತಿಲ್ಲ. ಏನೇ ಆದರೂ ಸಂಜೆ ಇಲ್ಲಿ ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ ಕೇಳಿದವರು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ರಾತ್ರಿ ನೋಟಿಸ್ ಮೇಜಿನ ಮೇಲೆ ಹರಡಿ, ಅಣ್ಣ ಹೇಳಿದ ಹಾಗೆ ಜೋರಾಗಿ ಓದಿದೆ. ನನ್ನ ಧ್ವನಿಯಲ್ಲಿ ಕೇಳಿದಾಗ ಆ ನಾಲ್ಕು ಆರೋಪ ನಾಲ್ಕೇ ಸಾಲು ಅನ್ನಿಸಿತು. ಕಡತದ ಆರೋಪ ಅರ್ಧ ನಿಜ. ಒಂದು ಕಡತವನ್ನು ರಿಜಿಸ್ಟರ್‌ನಲ್ಲಿ ಬರೆಯದೆ ಮನೆಗೆ ತಂದಿದ್ದೆ, ಮರುದಿನ ವಾಪಸ್ ಇಟ್ಟೆ. ಇಷ್ಟು ದಿನ ಅದೊಂದೇ ಎದೆಯಲ್ಲಿ ಚುಚ್ಚುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ನಾಳೆ ನನ್ನ ಉತ್ತರದ ಮೊದಲ ಸಾಲಿನಲ್ಲೇ ಅದನ್ನು ಬರೆಯುತ್ತೇನೆ.

ಕೈ ಈಗಲೂ ನಡುಗುತ್ತಿದೆ. ಪತ್ರದ ಮೇಲೆ ಮುದ್ರೆ ಇದೆ, ಈಗಷ್ಟೇ ನೋಡಿದೆ. ಜೆರಾಕ್ಸ್‌ಗೆ ಬೆಳಿಗ್ಗೆ ಹೋಗುತ್ತೇನೆ. ಗುರುವಾರ ಹನ್ನೊಂದು ಗಂಟೆಗೆ ನನಗೋಸ್ಕರ ಪ್ರಾರ್ಥಿಸಿ.