ಸಹಾಯ ಬೇಕು: ಅಮ್ಮನ ಹತ್ತಿರ ಕನ್ನಡದಲ್ಲೇ ಮಾತಾಡುವ ಕೌನ್ಸೆಲರ್

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿದ್ದೆ ಇಲ್ಲ, ಭಜನಾ ಮಂದಿರಕ್ಕೂ ಹೋಗುತ್ತಿಲ್ಲ. ಮಲ್ಲಿಗೆ ಕಟ್ಟಲು ಕೂತರೆ ಅರ್ಧ ಮಾಲೆ ಮಡಿಲಲ್ಲೇ ಬಾಡುತ್ತದೆ. ಬೆಳಿಗ್ಗೆ ಒಟ್ಟಿಗೆ ತೋಟದಲ್ಲಿ ನಡೆಯುತ್ತೇವೆ, ಸಂಜೆಯ ಚಹಾ ಬಿಡಿಸಿದ್ದೇವೆ, ಪಕ್ಕದ ಮನೆ ಅಕ್ಕ ದಿನಾ ಬಂದು ಸುಮ್ನೆ ಜೊತೆಗೆ ಕೂರುತ್ತಾರೆ (ಅದರಿಂದಲೇ ಜಾಸ್ತಿ ಗೆಲುವು ಅನಿಸುತ್ತದೆ), ಆದರೂ ಸಾಕಾಗುತ್ತಿಲ್ಲ. ಇಲ್ಲಿ ಕೌನ್ಸೆಲಿಂಗ್ ಸಿಕ್ಕಿದ್ದು ಮಲಯಾಳದಲ್ಲಿ. ಅಮ್ಮನಿಗೆ ಅರ್ಥ ಆಗುತ್ತದೆ, ಆದರೆ ಮನಸ್ಸಿನ ನೋವು ಆ ಭಾಷೆಯಲ್ಲಿ ಹೇಳಲು ಬರುವುದಿಲ್ಲ ಅಲ್ವಾ? ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, 24 ಗಂಟೆಯೂ ಇದೆ, ಕನ್ನಡವೂ ಇದೆ. ಅಮ್ಮನ ಕೈಗೆ ಫೋನ್ ಕೊಡುವ ಮೊದಲು ನನಗೆ ಖಾತ್ರಿ ಬೇಕು. ಕೇರಳದ ಸಿಮ್‌ನಿಂದ ಮಾಡಿದರೆ ಕರೆ ಕನ್ನಡದವರಿಗೇ ಹೋಗುತ್ತದಾ, ಯಾರಾದರೂ ಮಾಡಿ ನೋಡಿದ್ದೀರಾ? ಇಲ್ಲವಾದರೆ ಕಾಸರಗೋಡು, ಮಂಗಳೂರು ಕಡೆ ಎದುರು ಕೂತು ಕನ್ನಡದಲ್ಲಿ ಮಾತಾಡುವ ಕೌನ್ಸೆಲರ್ ಎಲ್ಲಿ ಸಿಗುತ್ತಾರೆ?