ಅಳತೆ ಕಪ್ ಇಲ್ಲದೆ 180 ಎಂಎಲ್ ಅಳೆಯೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ನಾನು ಮಂಡ್ಯದಿಂದ. ಮಗಳಿಗೆ ಭಾನುವಾರ ಮೊಟ್ಟೆ ಹಾಕದ ಕೇಕ್ ಬೇಕಂತೆ. ರೆಸಿಪಿಯಲ್ಲಿ ಹಾಲು 180 ಎಂಎಲ್, ಎಣ್ಣೆ 120 ಎಂಎಲ್, ವಿನೆಗರ್ ಒಂದು ಟೇಬಲ್ ಸ್ಪೂನ್ ಅಂತಿದೆ. ನಮ್ಮನೆಯಲ್ಲಿರುವುದು ಅತ್ತೆ ಕಾಲದ ಪಾವು, ಚಟಾಕು ಮಾತ್ರ. ಕಳೆದ ಸಲ ಸುಮ್ನೆ ಅಂದಾಜಿಗೆ ಸುರಿದು, ಹಿಟ್ಟು ನೀರುದೋಸೆ ಹದಕ್ಕೆ ಬಂದಿತ್ತು!

ಇವತ್ತು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಕತ್ತರಿಸಿ ಕಾಫಿ ಲೋಟಕ್ಕೆ ಸುರಿದು ನೋಡಿದೆ. ಕಂಠದವರೆಗೆ ತುಂಬಿದರೆ ಸರಿಯಾಗಿ ನಾಲ್ಕು ಲೋಟ. ಅಂದರೆ ಒಂದು ಲೋಟ 125 ಎಂಎಲ್, ಅಲ್ವಾ? ಹಾಗಾದರೆ 180 ಅಂದರೆ ಒಂದೂವರೆ ಲೋಟಕ್ಕಿಂತ ಚೂರು ಕಡಿಮೆ. ಆದರೆ ಲೋಟ ಕೆಳಗೆ ಕಿರಿದು, ಮೇಲೆ ಅಗಲ. ಅರ್ಧ ಎತ್ತರಕ್ಕೆ ತುಂಬಿದರೆ ಅರ್ಧ ಲೋಟ ಆಗುವುದಿಲ್ಲವಲ್ಲ. ಗುರುತು ಎಲ್ಲಿ ಹಾಕಲಿ?

ಟೇಬಲ್ ಸ್ಪೂನ್ ಅಂದರೆ 15 ಎಂಎಲ್ ತಾನೇ? ಕೆಮ್ಮಿನ ಸಿರಪ್ ಮುಚ್ಚಳದಲ್ಲಿ ನೀರು ಅಳೆದು ಹಾಕಿದೆ, ನಮ್ಮ ಊಟದ ಚಮಚ ಹತ್ತಕ್ಕೇ ತುಂಬಿತು.

ಪಕ್ಕದ ಮನೆ ಅಕ್ಕ "ಎಣ್ಣೆ 120 ಗ್ರಾಂ ತೂಗಿಬಿಡು" ಎಂದರು. ಎಣ್ಣೆ ನೀರಿಗಿಂತ ಹಗುರ, ಸುಮಾರು 110 ಗ್ರಾಂ ಸಾಕಲ್ವಾ?

ತಿಳಿದವರು ಶನಿವಾರ ರಾತ್ರಿಯೊಳಗೆ ಹೇಳಿ, ಪುಣ್ಯ ಬರುತ್ತೆ.